22ಬಿ ಯಾರ ಪಾಲು?

ವಿಮಾನದ ಟಿಕೆಟ್ ಬುಕ್ ಮಾಡುವಾಗ ಹೆಸರು, ವಯಸ್ಸು, ಫೋನ್ ನಂಬರು ಎಲ್ಲ ತುಂಬಿಸಿ, ಇನ್ನೇನು ದುಡ್ಡು ಕಟ್ಟಿ ಮುಗಿಸೋಣ ಅನ್ನುವಷ್ಟರಲ್ಲಿ ಆ ನಕ್ಷೆ ಬರುತ್ತದೆ. ಉದ್ದಕ್ಕೆ ಮಲಗಿದ ವಿಮಾನ, ಅದರ ಹೊಟ್ಟೆಯೊಳಗೆ ಬಣ್ಣಬಣ್ಣದ ಚೌಕಗಳು. ಒಂದೊಂದು ಬಣ್ಣಕ್ಕೆ ಒಂದೊಂದು ರೇಟು. ಮುಂದಿನ ಸಾಲು 1000 ರೂಪಾಯಿ ದಾಟಿರುತ್ತದೆ. ಕಾಲು ಚಾಚುವ ಸಾಲು ಇನ್ನೂ ಜಾಸ್ತಿ. ಕಿಟಕಿಗೆ 400, 500. ಎರಡು ಮೊಣಕೈಗಳ ನಡುವೆ ಸಿಕ್ಕಿಕೊಳ್ಳುವ ಮಧ್ಯದ ಸೀಟಿಗೂ 250 ಕೇಳುವುದುಂಟು. ಪುಕ್ಕಟೆ ಸೀಟುಗಳೇನಾದರೂ ಇದ್ದರೆ ಅವು ಬಾಲದ ಹತ್ತಿರ, ಟಾಯ್ಲೆಟ್ಟಿಗೆ ಬೆನ್ನು ಕೊಟ್ಟುಕೊಂಡು ಕೂತಿರುತ್ತವೆ.

ನಮ್ಮ ಮನೆಯಲ್ಲಿ ಈ ನಕ್ಷೆಯ ಮುಂದೆ ಎರಡು ಪಕ್ಷ. ಹೆಂಡತಿಯದು ಕೊಟ್ಟುಬಿಡುವ ಪಕ್ಷ. "ಮುನ್ನೂರು ರೂಪಾಯಿಗೆ ಯಾಕೆ ಅಷ್ಟು ಯೋಚನೆ? ಏರ್‌ಪೋರ್ಟಲ್ಲಿ ಒಂದು ಕಾಫಿಗೆ ಅಷ್ಟು ಕೊಡಲ್ವಾ?" ಅನ್ನುತ್ತಾಳೆ. ಅಪ್ಪನದು ಕೊಡದ ಪಕ್ಷ. "ಟಿಕೆಟ್ ತಗೊಂಡ ಮೇಲೆ ಸೀಟು ಕೊಡದೆ ಇರ್ತಾರಾ? ನಿಲ್ಲಿಸ್ಕೊಂಡು ಹೋಗೋಕೆ ಆಗುತ್ತಾ ಅವರಿಗೆ?" ಅಂತ ಅವರ ವಾದ. ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ. ಟಿಕೆಟ್ಟಿನ ದರದಲ್ಲಿ ಒಂದು ಸೀಟು ಇದ್ದೇ ಇರುತ್ತದೆ. ಯಾವ ಸೀಟು ಅಂತ ನಾವೇ ಹೇಳುವುದಕ್ಕೆ ಮಾತ್ರ ಬೇರೆ ದುಡ್ಡು.

ಆದರೆ 300 ರೂಪಾಯಿ ಅನ್ನುವುದು ಒಬ್ಬರ ಲೆಕ್ಕ. ನಾಲ್ಕು ಜನ ಹೊರಟರೆ 1200. ವಾಪಸ್ ಬರಬೇಕಲ್ಲ, ಅಲ್ಲಿಗೆ 2400. ಮಧ್ಯೆ ಹೈದರಾಬಾದಿನಲ್ಲೋ ಮುಂಬೈನಲ್ಲೋ ವಿಮಾನ ಬದಲಿಸುವುದಿದ್ದರೆ 4800, ಯಾಕೆಂದರೆ ಸೀಟಿನ ದುಡ್ಡು ಒಂದೊಂದು ಹಾರಾಟಕ್ಕೂ ಬೇರೆ ಬೇರೆ. ಅಲ್ಲಿಗೆ ಕಾಫಿಯ ಉದಾಹರಣೆ ಬಿದ್ದುಹೋಗುತ್ತದೆ.

ಕಡಿಮೆ ದರದ ವಿಮಾನ ಈ ದೇಶಕ್ಕೆ ಬಂದಾಗ ಸೀಟು ಆರಿಸುವ ಮಾತೇ ಇರಲಿಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದರು. ಮೊದಲ ವರ್ಷಗಳಲ್ಲಿ ಅದರ ಬೋರ್ಡಿಂಗ್ ಪಾಸಿನಲ್ಲಿ ಸೀಟ್ ನಂಬರೇ ಇರುತ್ತಿರಲಿಲ್ಲ. ಮೊದಲು ಹತ್ತಿದವರಿಗೆ ಮೊದಲ ಆಯ್ಕೆ. ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಗೇಟು ತೆರೆಯುತ್ತಲೇ ಸೂಟು ಹಾಕಿದವರು, ಪಂಚೆ ಉಟ್ಟವರು, ಮಗುವನ್ನು ಸೊಂಟಕ್ಕೇರಿಸಿದವರು ಎಲ್ಲ ಒಟ್ಟಿಗೆ ದಾಪುಗಾಲು ಹಾಕುತ್ತಿದ್ದರು. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ನಮಗೆ ಅದೇನೂ ಹೊಸ ವಿದ್ಯೆ ಆಗಿರಲಿಲ್ಲ. ವಿಮಾನದ ಕಿಟಕಿ ತೆಗೆಯಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಮೆರಿಕದ ಸೌತ್‌ವೆಸ್ಟ್ ಕಂಪನಿ ಇದೇ ಪದ್ಧತಿಯನ್ನು 50 ವರ್ಷಕ್ಕಿಂತ ಜಾಸ್ತಿ ನಡೆಸಿತು. ಜನ ಅದನ್ನು ಬೈದರು, ಪ್ರೀತಿಸಿದರು. ಕೊನೆಗೆ ಅದೂ 2026ರ ಜನವರಿಯಿಂದ ಸೀಟ್ ನಂಬರಿಗೆ ಬಂತು. ಯಾಕೆ ಅಂತ ತಿಳಿಯಲು ಒಂದು ಅಂಕಿ ಸಾಕು. ಅಮೆರಿಕದ ಸೆನೆಟ್ಟಿನ ಒಂದು ಉಪಸಮಿತಿ 2024ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ 2018ರಿಂದ 2023ರವರೆಗೆ ಅಲ್ಲಿನ ಐದು ಕಂಪನಿಗಳು ಬರೀ ಸೀಟಿನ ಶುಲ್ಕದಿಂದ ಗಳಿಸಿದ್ದು 1240 ಕೋಟಿ ಡಾಲರ್. ಮಧ್ಯೆ ಕೋವಿಡ್ ಬಂದು ಅರ್ಧ ಪ್ರಪಂಚ ಮನೆಯಲ್ಲಿ ಕೂತಿತ್ತು ಅನ್ನುವುದನ್ನೂ ಸೇರಿಸಿಕೊಳ್ಳಿ. ವಿಮಾನ ಅದೇ, ಸೀಟು ಅದೇ, ಇಂಧನ ಅದೇ. ನಕ್ಷೆಗೆ ಬಣ್ಣ ಬಳಿದದ್ದಷ್ಟೇ ಹೊಸದು.

ನಮ್ಮಲ್ಲಿ ವಿಮಾನಯಾನಕ್ಕೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಇದಕ್ಕೆ ಅನುಮತಿ ಕೊಟ್ಟು ಬಹಳ ಕಾಲವಾಯಿತು. ಟಿಕೆಟ್ಟಿನ ದರದಿಂದ ಬಿಡಿಸಿ ಬೇರೆಯಾಗಿ ಮಾರಬಹುದಾದ ಸೇವೆಗಳ ಪಟ್ಟಿಯಲ್ಲಿ ಬೇಕಾದ ಸೀಟು, ಊಟ ತಿಂಡಿ, ಲೌಂಜು ಎಲ್ಲ ಇವೆ. ಕುಡಿಯುವ ನೀರಿಗೆ ಮಾತ್ರ ದುಡ್ಡು ಕೇಳುವಂತಿಲ್ಲ. ಬೇಕು ಅಂದವರಿಗಷ್ಟೇ ಮಾರಬೇಕು, ಕೇಳದೆ ತಲೆಗೆ ಕಟ್ಟುವಂತಿಲ್ಲ ಅನ್ನುವುದು ನಿಯಮ. 2018ರ ನವೆಂಬರ್‌ನಲ್ಲಿ ಒಂದು ದೊಡ್ಡ ಕಂಪನಿ ವೆಬ್ ಚೆಕ್-ಇನ್ ಮಾಡುವಾಗ, ಅಂದರೆ ಮನೆಯಿಂದಲೇ ಆನ್‌ಲೈನಿನಲ್ಲಿ ಬೋರ್ಡಿಂಗ್ ಪಾಸ್ ತೆಗೆದುಕೊಳ್ಳುವಾಗ, ಎಲ್ಲ ಸೀಟಿಗೂ ದುಡ್ಡು ಅಂದಾಗ ಗಲಾಟೆಯಾಯಿತು, ವಿಮಾನಯಾನ ಸಚಿವಾಲಯ ಪರಿಶೀಲಿಸುತ್ತೇವೆ ಅಂದಿತು. ಅಲ್ಲಿಂದ ಇಲ್ಲಿಯವರೆಗೆ ನಿಯಮ ಆಗಾಗ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ನಕ್ಷೆ ಮಾತ್ರ ಹೋಗಿಲ್ಲ.

ನನಗೆ ಮೊದಲಿನಿಂದ ಕುತೂಹಲ ಇದ್ದದ್ದು ಮಧ್ಯದ ಸೀಟಿನ ಮೇಲೆ. ಕಿಟಕಿಗೆ ಕೊಡುವವರು ಆಕಾಶ ನೋಡಲು ಕೊಡುತ್ತಾರೆ. ಐಲ್‌ಗೆ, ಅಂದರೆ ನಡೆದಾಡುವ ದಾರಿಯ ಪಕ್ಕದ ಸೀಟಿಗೆ, ಕೊಡುವವರು ಎದ್ದು ಓಡಾಡಲು ಕೊಡುತ್ತಾರೆ. ಮಧ್ಯದ್ದನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಜೊತೆಯವರ ಪಕ್ಕ ಕೂರಬೇಕಾದವರು. ಗಂಡನ ಪಕ್ಕ, ಅಮ್ಮನ ಪಕ್ಕ, ಗೆಳತಿಯ ಪಕ್ಕ. ಅಂದರೆ ಅಲ್ಲಿ ಮಾರಾಟಕ್ಕೆ ಇರುವುದು ಸೀಟಲ್ಲ, ಬೇರೆಯಾಗುವ ಭಯ. ಆ ಭಯಕ್ಕೆ ಬೆಲೆ ಬರಬೇಕಾದರೆ ದುಡ್ಡು ಕೊಡದವರು ಆಗಾಗ ಬೇರೆಯಾಗಬೇಕು. ಎಲ್ಲರನ್ನೂ ಪುಕ್ಕಟೆಯಾಗಿ ಒಟ್ಟಿಗೆ ಕೂರಿಸಿಬಿಟ್ಟರೆ ಮುಂದಿನ ಸಲ ಯಾರು ಕೊಡುತ್ತಾರೆ, ಅಲ್ವಾ?

ಇದು ಸುಮ್ನೆ ಅನುಮಾನ ಅಂತ ತಳ್ಳಿಹಾಕುವ ಹಾಗಿಲ್ಲ. 2017ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿಯ ಒಂದು ಕಾರ್ಯಕ್ರಮದವರು ರಯಾನ್‌ಏರ್ ವಿಮಾನಗಳಿಗೆ ನಾಲ್ಕು ನಾಲ್ಕು ಜನರ ತಂಡಗಳನ್ನು ಸೀಟಿಗೆ ದುಡ್ಡು ಕಟ್ಟದೆ ಕಳಿಸಿದರು. ಒಬ್ಬೊಬ್ಬರಿಗೂ ಮಧ್ಯದ ಸೀಟೇ ಬಂತು. ಸೀಟುಗಳನ್ನು ನಿಜವಾಗಿ ಎಲ್ಲೆಂದರಲ್ಲಿ ಹಂಚಿದ್ದರೆ ಹೀಗಾಗುವ ಸಾಧ್ಯತೆ ಎಷ್ಟು ಅಂತ ಆಕ್ಸ್‌ಫರ್ಡಿನ ಸಂಖ್ಯಾಶಾಸ್ತ್ರಜ್ಞೆ ಜೆನ್ನಿಫರ್ ರೋಜರ್ಸ್ ಲೆಕ್ಕ ಹಾಕಿದರು. ಸುಮಾರು 54 ಕೋಟಿಯಲ್ಲಿ ಒಂದು. ಕಂಪನಿಯ ಉತ್ತರವೂ ಇತ್ತು: ಕಿಟಕಿ ಮತ್ತು ಐಲ್ ಸೀಟುಗಳನ್ನು ದುಡ್ಡು ಕೊಡುವವರಿಗೆ ಎತ್ತಿಟ್ಟಿರುತ್ತೇವೆ, ಉಳಿದದ್ದನ್ನು ಹಂಚುತ್ತೇವೆ. ಅದು ಪ್ರಾಮಾಣಿಕ ಉತ್ತರವೇ. ಒಳ್ಳೆಯದನ್ನೆಲ್ಲ ಎತ್ತಿಟ್ಟು ಉಳಿದದ್ದನ್ನು ನ್ಯಾಯವಾಗಿ ಹಂಚಿದರಂತೆ.

ಈ ಉತ್ತರದಿಂದ ಒಂದು ಸಣ್ಣ ಉಪಾಯವೂ ಸಿಗುತ್ತದೆ. ದುಡ್ಡು ಕೊಡದವರಿಗೆ ಮೊದಲು ಮಧ್ಯದ ಸೀಟುಗಳು ಖರ್ಚಾಗುತ್ತವೆ ಅಂತಾದರೆ, ತುಂಬಿದ ವಿಮಾನದಲ್ಲಿ ತಡವಾಗಿ ಚೆಕ್-ಇನ್ ಮಾಡಿದವರ ಪಾಲಿಗೆ ಮಾರಾಟವಾಗದೆ ಉಳಿದ ಕಿಟಕಿ ಬರಬಹುದು. ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಒಬ್ಬರೇ ಹೋಗುವಾಗ ಆಡಬಹುದಾದ ಜೂಜು ಇದು. ಮಕ್ಕಳನ್ನು ಕಟ್ಟಿಕೊಂಡು ಆಡುವಂಥದ್ದಲ್ಲ.

ಇನ್ನು ಪರದೆಯ ಮೇಲಿನ ಮಾತುಗಳು. 'ಈ ಸೀಟುಗಳು ಬೇಗ ಖಾಲಿಯಾಗುತ್ತಿವೆ' ಅನ್ನುತ್ತದೆ. ಮುಂದಕ್ಕೆ ಹೋಗುವ ಗುಂಡಿ ದೊಡ್ಡದಾಗಿ ಹೊಳೆಯುತ್ತದೆ. ಸೀಟು ಬೇಡ ಅನ್ನುವ ದಾರಿ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ವಯಸ್ಸಾದವರು ಬುಕ್ ಮಾಡಲು ಹೋದರೆ ಸೀಟು ಕೊಳ್ಳದೆ ಟಿಕೆಟ್ಟೇ ಸಿಗುವುದಿಲ್ಲ ಅಂದುಕೊಳ್ಳುತ್ತಾರೆ. 2023ರ ನವೆಂಬರ್ ಕೊನೆಗೆ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಕಣ್ಕಟ್ಟುಗಳ ಮೇಲೆ ಮಾರ್ಗಸೂಚಿ ತಂದಿತು. 13 ಬಗೆಯ ಮೋಸಗಳನ್ನು ಹೆಸರಿಟ್ಟು ಪಟ್ಟಿ ಮಾಡಿದೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡ ಅಂದವರಿಗೆ ನಾಚಿಕೆಯಾಗುವಂತೆ ಮಾಡುವುದು ಎರಡೂ ಅದರಲ್ಲಿವೆ. ಅದಕ್ಕೂ ಹಿಂದೆ, 2022ರ ಜುಲೈನಲ್ಲಿ, ಏರ್‌ಪೋರ್ಟಿನ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವುದಕ್ಕೆ ಬೇರೆ ದುಡ್ಡು ಕೇಳುವಂತಿಲ್ಲ ಅಂತ ವಿಮಾನಯಾನ ಸಚಿವಾಲಯ ಹೇಳಿತ್ತು. ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ವೆಬ್ ಚೆಕ್-ಇನ್ನಿನಲ್ಲಿ ಬೇಕಾದ ಸೀಟು ಸಿಗದಿದ್ದರೆ ಕೌಂಟರಿಗೆ ಹೋಗಿ ಕೇಳುವ ದಾರಿ ಇನ್ನೂ ಮುಚ್ಚಿಲ್ಲ. ಅಲ್ಲಿ ಕೂತಿರುವ ಹುಡುಗ ಹುಡುಗಿಯರು ನಕ್ಷೆಗಿಂತ ಒಳ್ಳೆಯವರು. ವಯಸ್ಸಾದವರನ್ನು ಕಣ್ಣಾರೆ ನೋಡಿದರೆ ಏನಾದರೂ ಮಾಡಿಕೊಡುತ್ತಾರೆ. ಬೆಳಿಗ್ಗೆ ಬೇಗ ಹೋಗಬೇಕು, ನಗುತ್ತಾ ಕೇಳಬೇಕು, ಅಷ್ಟೇ.

ಚಿಕ್ಕ ಮಕ್ಕಳ ವಿಷಯದಲ್ಲಿ ನಿಯಮ ನಮ್ಮ ಪರ ಇದೆ. 2024ರ ಏಪ್ರಿಲ್‌ನಲ್ಲಿ ಡಿಜಿಸಿಎ ಹೇಳಿದ್ದು ಇದು: ಒಂದೇ ಪಿಎನ್‌ಆರ್‌ನಲ್ಲಿ ಬುಕ್ ಮಾಡಿದ್ದರೆ 12 ವರ್ಷದೊಳಗಿನ ಮಗುವಿಗೆ ತಂದೆ ತಾಯಿಯರಲ್ಲಿ ಒಬ್ಬರ ಅಥವಾ ಜೊತೆಯ ಪೋಷಕರ ಪಕ್ಕವೇ ಸೀಟು ಕೊಡಬೇಕು. ಮಗು ಒಂದು ಕಡೆ, ಅಪ್ಪ ಅಮ್ಮ ಇನ್ನೆಲ್ಲೋ ಅಂತ ಕೂರಿಸಿದ ದೂರುಗಳು ಬಂದ ಮೇಲೆ ಆದದ್ದು. ಹಾಗಾಗಿ ಮಗು ದೂರ ಹೋಗುತ್ತದೆ ಅನ್ನುವ ಭಯಕ್ಕೆ ಯಾರೂ ದುಡ್ಡು ಸುರಿಯಬೇಕಾಗಿಲ್ಲ. ಆದರೆ 'ಒಬ್ಬರ' ಅನ್ನುವುದನ್ನು ಗಮನಿಸಿ. ಇನ್ನೊಬ್ಬರು ವಿಮಾನದ ಆ ತುದಿಯಲ್ಲಿ ಕೂತು ಎರಡೂವರೆ ಗಂಟೆ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಕೆಲವು ಗಂಡಂದಿರು ಇದಕ್ಕೆ ದುಡ್ಡು ಕೊಡಲೂ ತಯಾರಿರುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ, ಕೊಡಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಬಂದದ್ದು ದೆಹಲಿಗೆ ಹೋಗುತ್ತಿದ್ದ ಒಂದು ರಾತ್ರಿ ವಿಮಾನದಲ್ಲಿ. ನಾನು ಐಲ್‌ನಲ್ಲಿ ಕೂತಿದ್ದೆ. ಕಿಟಕಿಯಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗ. ಹೆಡ್‌ಫೋನು ಹಾಕಿಕೊಂಡು ತಲೆಯನ್ನು ಗೋಡೆಗೆ ಆನಿಸಿ ನಿದ್ದೆಗೆ ತಯಾರಾಗಿದ್ದ. ಮಧ್ಯದ ಸೀಟಿಗೆ ಒಬ್ಬ ಹೆಂಗಸು ಬಂದರು. ಹಿಂದೆಯೇ ಗಂಡ. ಗಂಡನಿಗೆ 22ಬಿ, ಅಂದರೆ 22ನೇ ಸಾಲಿನ ಮಧ್ಯದ ಸೀಟು ಸಿಕ್ಕಿತ್ತು. ಗಂಡ ಬಗ್ಗಿ ಹುಡುಗನ ಭುಜ ತಟ್ಟಿದರು. "ನಾವಿಬ್ರೂ ಒಟ್ಟಿಗೆ ಇದೀವಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ತೀರಾ?" ಹುಡುಗ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ, "ನಾನು ಇದಕ್ಕೆ ದುಡ್ಡು ಕೊಟ್ಟಿದ್ದೆ" ಅಂದ. ಜೋರಾಗಿ ಅಲ್ಲ, ತನಗೇ ಹೇಳಿಕೊಂಡ ಹಾಗೆ. ಅಷ್ಟರಲ್ಲಿ ಹಿಂದೆ ಜನ ನಿಂತಿದ್ದರು, ದಾರಿ ಕಟ್ಟಿತ್ತು. ಗಗನಸಖಿ ಬಂದು ನಗುಮುಖದಿಂದ ಹುಡುಗನನ್ನೇ ನೋಡಿದಳು. ಗಂಡ ಹೆಂಡತಿ ಅವನನ್ನೇ ನೋಡಿದರು. ನಿಂತ ಸಾಲೂ ಅವನನ್ನೇ ನೋಡಿತು. ಹುಡುಗ ಬ್ಯಾಗು ಎತ್ತಿಕೊಂಡು 22ಬಿಗೆ ಹೋದ.

ಆ ದಂಪತಿ ಕೆಟ್ಟವರಲ್ಲ. ಹತ್ತು ನಿಮಿಷ ಬಿಟ್ಟು ಡಬ್ಬಿ ತೆಗೆದು ನನಗೂ ಕೋಡುಬಳೆ ಕೊಟ್ಟರು. ಚೆನ್ನಾಗಿತ್ತು. ಆದರೆ ನನ್ನ ತಲೆಯಲ್ಲಿ ಲೆಕ್ಕ ಓಡುತ್ತಲೇ ಇತ್ತು. ಅವರು ಇಬ್ಬರ ಸೀಟಿನ ದುಡ್ಡು ಉಳಿಸಿದರು. ಹುಡುಗ ಕಿಟಕಿಗೆ ಕೊಟ್ಟದ್ದು ವಾಪಸ್ ಬರುವುದಿಲ್ಲ, ತಾನಾಗಿ ಬಿಟ್ಟುಕೊಟ್ಟ ಸೀಟಿಗೆ ಕಂಪನಿ ಯಾಕೆ ಕೊಡುತ್ತದೆ? ಕಂಪನಿಗೆ ಒಂದು ಪೈಸೆ ನಷ್ಟ ಇಲ್ಲ. ಭಯ ಹುಟ್ಟಿಸಿ ಮಾರಲು ನೋಡಿತು, ಕೊಳ್ಳದವರನ್ನು ಚದುರಿಸಿತು, ಆಮೇಲೆ ಜೋಡಿಸುವ ಕೆಲಸವನ್ನು ಪ್ರಯಾಣಿಕರಿಗೇ ಬಿಟ್ಟಿತು. ಕೊನೆಗೆ ಬಿಲ್ಲು ಹೋಗಿ ಬಿದ್ದದ್ದು ಆ ಸಾಲಿನಲ್ಲಿ ಎಲ್ಲರಿಗಿಂತ ಸಂಕೋಚದ ಮನುಷ್ಯನ ತಲೆಗೆ. ವಿಮಾನ ತುಂಬಿದ್ದರೆ 22ಬಿಯಲ್ಲಿ ಯಾರಾದರೂ ಕೂರಲೇಬೇಕು. ಆ ಸೀಟು ಮಾಯವಾಗುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ ಅಷ್ಟೇ.

ಆ ಹುಡುಗ ಇಲ್ಲ ಅಂದಿದ್ದರೆ? 2024ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನಲ್ಲಿ ಒಬ್ಬ ಯುವತಿ ಹಾಗೆಯೇ ಇಲ್ಲ ಅಂದಳು. ತನ್ನ ಕಿಟಕಿ ಸೀಟನ್ನು ಅಳುತ್ತಿದ್ದ ಮಗುವಿಗೆ ಬಿಟ್ಟುಕೊಡಲಿಲ್ಲ. ಪಕ್ಕದವರು ವಿಡಿಯೋ ಮಾಡಿ ಹರಿಬಿಟ್ಟರು, ದೇಶವೆಲ್ಲ ನೋಡಿತು. ಬೈದವರಿಗಿಂತ ಅವಳ ಪರ ನಿಂತವರೇ ಜಾಸ್ತಿ ಕಂಡರು. ಆದರೂ ವಿಮಾನದೊಳಗೆ ಫೋನು ಮುಖದ ಮುಂದೆ ಬಂದಾಗ ಅವಳು ಒಬ್ಬಳೇ ಅಲ್ವಾ? ನಾನಾದರೆ ಎದ್ದು ಹೋಗುತ್ತಿದ್ದೆನೇನೋ.

ಅಂದಿನಿಂದ ನಾನು ನಕ್ಷೆಯ ಮುಂದೆ ಕೂತಾಗ '300 ರೂಪಾಯಿಗೆ ಈ ಸೀಟು ಬಾಳುತ್ತದಾ' ಅಂತ ಕೇಳಿಕೊಳ್ಳುವುದಿಲ್ಲ. ನಾನು ಕೊಡದಿದ್ದರೆ ಯಾರು ಕೊಡಬೇಕಾಗುತ್ತದೆ ಅಂತ ನೋಡುತ್ತೇನೆ. ಒಬ್ಬನೇ ಹೋಗುವಾಗ ಉತ್ತರ ಸುಲಭ. 22ಬಿ ಬಂದರೆ ನಾನೇ ಕೂರುತ್ತೇನೆ, ಗೊಣಗುವುದೂ ಇಲ್ಲ. ಹೆಂಡತಿ ಜೊತೆಗಿದ್ದು ಎರಡು ಗಂಟೆಯ ಹಾರಾಟವಾದರೆ ಬೇರೆ ಬೇರೆ ಕೂರಬಲ್ಲೆವು. ದಿನಾ ನೋಡುವ ಮುಖವೇ ತಾನೇ. ಹಾಗೆ ಕೂರಲು ಆಗುವುದಿಲ್ಲ, ಹತ್ತಿದ ಮೇಲೆ ಯಾರನ್ನಾದರೂ ಕೇಳಿಯೇ ಕೇಳುತ್ತೇನೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಕೊಡುತ್ತೇನೆ. ಕೇಳಲೇಬೇಕಾಗಿ ಬಂದರೂ ಕಿಟಕಿಗೆ ಕಿಟಕಿ, ಐಲ್‌ಗೆ ಐಲ್ ಕೊಟ್ಟೇ ಕೇಳಬೇಕು. ನನ್ನ ಮಧ್ಯದ ಸೀಟು ಹಿಡಿದುಕೊಂಡು ಹೋಗಿ ಇನ್ನೊಬ್ಬರ ಕಿಟಕಿ ಕೇಳುವ ಧೈರ್ಯ ನನಗಿಲ್ಲ.

ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋದಾಗ ಮೂರೂ ಸೀಟಿಗೆ ಕಟ್ಟಿದೆ. ಅಮ್ಮನಿಗೆ ಅದು ಮೊದಲ ವಿಮಾನ. ಕಿಟಕಿ ಅವರಿಗೆ ಇರಲಿ ಅಂತ ಬಲಗಡೆಯ ಕಿಟಕಿಯ ಎಫ್ ಸೀಟು ತೆಗೆದುಕೊಂಡೆ, ರೆಕ್ಕೆಗಿಂತ ಮುಂದೆ, ಕೆಳಗಿನದು ಚೆನ್ನಾಗಿ ಕಾಣಲಿ ಅಂತ. ಬೆಂಗಳೂರಿನಿಂದ ಬೆಳಿಗ್ಗೆ ಉತ್ತರಕ್ಕೆ ಹಾರುವ ವಿಮಾನದಲ್ಲಿ ಎಫ್ ಕಡೆಗೆ ಪೂರ್ವ. ಸೂರ್ಯ ನೇರ ಮುಖಕ್ಕೆ ಬರುತ್ತಾನೆ. ಟೇಕಾಫ್ ಆಗುವವರೆಗೆ ಅಮ್ಮ ಕಣ್ಣು ಮುಚ್ಚಿಕೊಂಡು ಏನೋ ಸ್ತೋತ್ರ ಹೇಳುತ್ತಿದ್ದರು. ಮೇಲೇರಿ ಪಟ್ಟಿ ಬಿಚ್ಚುವ ಸದ್ದು ಬರುತ್ತಲೇ ಕಿಟಕಿಯ ಶಟರನ್ನು ಕೆಳಗೆಳೆದು, "ಬಿಸಿಲು ಬರುತ್ತೆ" ಅಂತ ಸೆರಗು ಮುಖದ ಮೇಲೆ ಹಾಕಿಕೊಂಡು ಮಲಗಿದರು. ಇಳಿಯುವಾಗ ತೆಗೆಯಲೇಬೇಕು ಅಂತ ಗಗನಸಖಿ ಬಂದು ತೆಗೆಸಿದಳು. ಆಗಲೂ ಅಮ್ಮ ನೋಡಿದ್ದು ನನ್ನ ಮುಖವನ್ನೇ. "ಇನ್ನೆಷ್ಟು ಹೊತ್ತು?"

ಅಪ್ಪ ಮಾತ್ರ ಐಲ್‌ನಲ್ಲಿ ಕೂತು ಟಾಯ್ಲೆಟ್ಟಿಗೆ ಯಾರ ಅಪ್ಪಣೆಯೂ ಇಲ್ಲದೆ ಹೋಗಿ ಬಂದರು. ದುಡ್ಡು ಕೊಟ್ಟ ಸಂಗತಿ ಅವರಿಗೆ ಹೇಳಿರಲಿಲ್ಲ. "ನೋಡಿದ್ಯಾ, ಕೇಳದೆನೇ ಒಟ್ಟಿಗೆ ಕೊಟ್ಟಿದಾರೆ" ಅಂದರು. ನಾನು ಹೂಂ ಅಂದೆ.

ದೇಶದೊಳಗಿನ ಹಾರಾಟದಲ್ಲಿ ಇದೆಲ್ಲ ಸಾಮಾನ್ಯವಾಗಿ ಎರಡು ಮೂರು ಗಂಟೆಯ ಕಷ್ಟ. ನಿಜವಾಗಿ ಯೋಚಿಸಬೇಕಾದದ್ದು ಅಮೆರಿಕಕ್ಕೆ ಬಾಣಂತನಕ್ಕೆ ಹೊರಟ ತಂದೆ ತಾಯಿಯರ ವಿಷಯದಲ್ಲಿ. ನಮ್ಮ ಬೀದಿಯಲ್ಲೇ ಎಷ್ಟು ಮನೆಯವರು ಹೋಗಿ ಬಂದಿದ್ದಾರೆ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 16 ಗಂಟೆ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ಇಂಗ್ಲಿಷಿನಲ್ಲಿ ಪಕ್ಕದವರನ್ನು 'ಸ್ವಲ್ಪ ಏಳಿ' ಅನ್ನಲು ಮುಜುಗರಪಡುವವರು. ಏಳಬೇಕಾಗುತ್ತದೆ ಅಂತ ನೀರನ್ನೇ ಕುಡಿಯದೆ ಕೂರುತ್ತಾರೆ. ಮಕ್ಕಳು ಅಲ್ಲಿಂದ ಟಿಕೆಟ್ ಬುಕ್ ಮಾಡುವಾಗ ಕಡಿಮೆ ದರದ ಟಿಕೆಟ್ ನೋಡುತ್ತಾರೆ. ಅಂಥ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ಚೆಕ್-ಇನ್ ತೆರೆಯುವವರೆಗೆ ಪುಕ್ಕಟೆ ಸೀಟು ಆರಿಸಲು ಬಿಡುವುದಿಲ್ಲ. ತೆರೆದಾಗ ಅಲ್ಲಿ ನಡುರಾತ್ರಿ, ಇಲ್ಲಿ ಅಪ್ಪ ಸೂಟ್‌ಕೇಸ್ ತೂಕ ಹಾಕುತ್ತಿರುತ್ತಾರೆ.

ತುಂಬ ಹೊತ್ತು ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಒಂದು ಅಧ್ಯಯನದ ಫಲ ಪ್ರಕಟಿಸಿತ್ತು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹೆದರುವಷ್ಟು ದೊಡ್ಡದೇನಲ್ಲ, ಆರೋಗ್ಯವಂತರಲ್ಲಿ 6000ಕ್ಕೆ ಒಬ್ಬರಿಗೆ. ಬಸ್ಸು, ಕಾರು, ರೈಲಿಗೂ ಇದೇ ಮಾತು. ಕಾರಣ ವಿಮಾನವಲ್ಲ, ಅಲ್ಲಾಡದೆ ಕೂರುವುದು. ಕಿಟಕಿಯಲ್ಲಿ ಸಿಕ್ಕಿಹಾಕಿಕೊಂಡವರು ಕಡಿಮೆ ಏಳುತ್ತಾರೆ. ಅದಕ್ಕೇ ವಯಸ್ಸಾದವರಿಗೆ ಐಲ್ ಸೀಟು. ಇದಕ್ಕೆ ಕೊಡುವ ದುಡ್ಡಿನಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಯಾವ ಐಲ್ ಅನ್ನುವುದೂ ಮುಖ್ಯ. ಆ ದೊಡ್ಡ ಬೋಯಿಂಗ್ 777ರಲ್ಲಿ ಹಲವು ಕಂಪನಿಗಳದ್ದು ಮೂರು, ನಾಲ್ಕು, ಮೂರು ಅಂತ ಸಾಲು. ಬದಿಯ ಮೂರರ ಐಲ್‌ನಲ್ಲಿ ಕೂತರೆ ಒಳಗಿನ ಇಬ್ಬರೂ ನಿಮ್ಮನ್ನೇ ಎಬ್ಬಿಸಬೇಕು. ನಡುವಿನ ನಾಲ್ಕರ ಐಲ್‌ನಲ್ಲಿ ಕೂತರೆ ಒಬ್ಬರೇ. ಆಚೆಯವರಿಗೆ ಆ ಕಡೆ ದಾರಿ ಇದೆ. ಗಂಡ ಹೆಂಡತಿ ನಡುವಿನ ಬ್ಲಾಕಿನಲ್ಲಿ ಐಲ್ ಮತ್ತು ಅದರ ಪಕ್ಕದ್ದು ತೆಗೆದುಕೊಂಡರೆ 16 ಗಂಟೆ ಒಬ್ಬರನ್ನೊಬ್ಬರು ಬಿಟ್ಟು ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ನಕ್ಷೆಯಲ್ಲಿ ಕಿಟಕಿ ಇಲ್ಲ ಅಂತ ಈ ಸೀಟುಗಳು ಕೆಲವೊಮ್ಮೆ ಕೊನೆಯವರೆಗೂ ಉಳಿದಿರುತ್ತವೆ. ಕೈಕೂಸು ಇರುವವರು ಮುಂದಿನ ಗೋಡೆಯ ಸಾಲಿನಲ್ಲಿ ತೊಟ್ಟಿಲು ಕೇಳಬಹುದು, ಅದು ಬೇರೆ ಕಥೆ. ಆ ಸಾಲಿನ ಹತ್ತಿರ ನಿದ್ದೆ ಮಾಡಬೇಕು ಅಂದುಕೊಂಡವರು ದುಡ್ಡು ಕೊಡುವ ಮೊದಲು ಎರಡು ಸಲ ಯೋಚಿಸಿ.

ಕಾಲು ಚಾಚುವ ಎಮರ್ಜೆನ್ಸಿ ಸಾಲನ್ನು ವಯಸ್ಸಾದವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವುದಿಲ್ಲ, ಬಾಗಿಲು ತೆಗೆಯಲು ಶಕ್ತಿ ಬೇಕು. ಅದರ ಮುಂದಿನ ಸಾಲಿನ ಬೆನ್ನು ಸಾಮಾನ್ಯವಾಗಿ ಹಿಂದಕ್ಕೆ ಬಾಗುವುದಿಲ್ಲ. ಕಿಟಕಿಗೆ ಕೊಟ್ಟು ಗೋಡೆ ನೋಡುವುದೂ ಉಂಟು. ಬೋಯಿಂಗ್ 737ರಲ್ಲಿ ಹೊಟ್ಟೆಯ ಕೆಳಗಿನ ಎಸಿಯಿಂದ ಗಾಳಿ ಮೇಲಕ್ಕೆ ತರುವ ಕೊಳವೆ ಪಕ್ಕದ ಗೋಡೆಯೊಳಗೆ ಹೋಗುತ್ತದೆ. ಅಲ್ಲಿ ಕಿಟಕಿ ಇಡಲು ಜಾಗ ಇಲ್ಲ. ರೆಕ್ಕೆಯ ಸ್ವಲ್ಪ ಮುಂದಿನ ಸಾಲು ಅದು. ನಕ್ಷೆ ಅದನ್ನೂ ಕಿಟಕಿ ಅಂತಲೇ ಮಾರುವ ಸಂಭವ ಇದೆ.

ಮೊನ್ನೆ ಷಡ್ಡಕ ಫೋನು ಮಾಡಿದ್ದ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ವಿಮಾನದಲ್ಲಿ ಹೊರಟಿದ್ದಾನಂತೆ. 2023ರ ಆಗಸ್ಟ್ 31ರಂದು ಆ ದಾರಿಯಲ್ಲಿ ಮೊದಲ ವಿಮಾನ ಹಾರಿದಾಗಿನಿಂದ ಅವನಿಗೆ ಆಸೆ. "ಮುಂದಿನ ಸಾಲಿಗೆ ದುಡ್ಡು ಕಟ್ಲಾ? ಬೇಗ ಇಳೀಬಹುದು" ಅಂದ. ಯಾವ ವಿಮಾನ ಅಂತ ಕೇಳಿದೆ. ಎಟಿಆರ್, ರೆಕ್ಕೆಯಲ್ಲಿ ಫ್ಯಾನು ತಿರುಗುವ ಚಿಕ್ಕ ವಿಮಾನ. ನಾನು ವಿವರಿಸಿದೆ. ಅದರಲ್ಲಿ ಎರಡು, ಎರಡು ಸೀಟು, ಮಧ್ಯದ ಸೀಟೇ ಇಲ್ಲ. ಯಾವುದು ಕೊಟ್ಟರೂ ಕಿಟಕಿ ಇಲ್ಲವೇ ಐಲ್. ರೆಕ್ಕೆ ಮೇಲ್ಗಡೆ ಇರುವುದರಿಂದ ಯಾವ ಕಿಟಕಿಗೂ ನೆಲ ಕಾಣುತ್ತದೆ. ಫ್ಯಾನು ಮುಂದುಗಡೆ ತಿರುಗುವುದರಿಂದ ಮುಂದಿನ ಸಾಲುಗಳಲ್ಲೇ ಸದ್ದು ಜಾಸ್ತಿ. ಎಲ್ಲಕ್ಕಿಂತ ಮುಖ್ಯ, ಅದರ ಬಾಗಿಲು ಹಿಂದುಗಡೆ ಇದೆ. ಮುಂದೆ ಲಗೇಜು ತುಂಬುವ ಜಾಗ. ಇಳಿಯುವಾಗ ಹಿಂದಿನ ಸಾಲಿನವರೇ ಮೊದಲು.

"ಸುಮ್ನಿರಪ್ಪ, ಯಾವ ವಿಮಾನದ ಬಾಗಿಲು ಹಿಂದೆ ಇರುತ್ತೆ" ಅಂದ. ಕಟ್ಟಿಯೇ ಬಿಟ್ಟ, ಒಂದನೇ ಸಾಲಿಗೆ. ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ ಇಳಿದವನು ಎಲ್ಲರಿಗಿಂತ ಕೊನೆಯಲ್ಲಿ ಹೊರಗೆ ಬಂದನಂತೆ. ಕರೆದುಕೊಂಡು ಹೋಗಲು ಬಂದಿದ್ದ ಮಾವ, "ಪೈಲಟ್ ಜೊತೆ ಮಾತಾಡ್ತಾ ಕೂತಿದ್ಯೇನೋ" ಅಂತ ಕೇಳಿದರಂತೆ.